ಅಪ್ಪನ ಮಾತ್ರೆಗೆ ತಿಂಗಳಿಗೆ ಏಳು ಸಾವಿರ: ಖರ್ಚು ಎಲ್ಲಿ ಇಳಿಸಬಹುದು?

ಪ್ರಶ್ನೆ: ಮೇಡಂ, ನಾನು ತುಮಕೂರು ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಸಂಬಳ 19,000 ರೂಪಾಯಿ. ಅಪ್ಪನಿಗೆ 66 ವರ್ಷ. ಒಂದೂವರೆ ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದರು. ಶುಗರ್, ಬಿಪಿ ಎರಡೂ ಇವೆ. ಅಮ್ಮನಿಗೆ ಥೈರಾಯ್ಡ್. ಇಬ್ಬರ ಮಾತ್ರೆ ಸೇರಿ ತಿಂಗಳಿಗೆ ಏಳು ಸಾವಿರ ದಾಟುತ್ತಿದೆ. ಅಪ್ಪ ಎರಡು ತಿಂಗಳಿಂದ ದುಬಾರಿ ಮಾತ್ರೆಗಳನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾರೆ ಅಂತ ಮೊನ್ನೆ ಗೊತ್ತಾಯಿತು. ಕೇಳಿದರೆ, 'ಸ್ವಲ್ಪ ದಿನ ಜಾಸ್ತಿ ಬರ್ಲಿ ಅಂತ' ಅಂದರು. ಜನೌಷಧಿಯಲ್ಲಿ ತಗೊಳ್ಳೋಣ ಅಂದರೆ ಪಕ್ಕದ ಮನೆಯವರು ಅದರಲ್ಲಿ ಪವರ್ ಇರಲ್ಲ ಅನ್ನುತ್ತಾರೆ. ಇದರ ಮಧ್ಯೆ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿದೆ. ಟ್ರಾಸ್ಟುಜುಮ್ಯಾಬ್ ಅನ್ನೋ ಇಂಜೆಕ್ಷನ್ ಒಂದು ವರ್ಷ ಬೇಕಂತೆ. ಅವರದು ಬಿಪಿಎಲ್ ಕಾರ್ಡ್. ದಾರಿ ತೋರಿಸಿ. ಚೀಟಿ, ಬಿಲ್ ಎರಡರ ಫೋಟೋ ಕಳಿಸಿದ್ದೇನೆ.

ಉತ್ತರ:

ದುಡ್ಡಿನ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಒಂದು ತುರ್ತು ಮಾತು. ನಿಮ್ಮ ಅಪ್ಪನ ಚೀಟಿಯಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಬರೆದಿರುವ ಟಿಕಾಗ್ರೆಲೋರ್ ಇದೆ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುವ ಮಾತ್ರೆ ಅದು. ಅದರ ಪರಿಣಾಮ ಬೇಗ ಇಳಿಯುತ್ತದೆ. ದಿನಕ್ಕೆ ಎರಡು ಸಲ ಅಂತ ಬರೆಯುವುದು ಅದಕ್ಕೇ. ದಿನ ಬಿಟ್ಟು ದಿನ ತಗೊಂಡರೆ ಬಿಟ್ಟ ದಿನ ಆ ಕಾವಲು ತೀರಾ ತೆಳುವಾಗುತ್ತದೆ. ನಾಳೆ ಬೆಳಿಗ್ಗೆಯೇ ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಎರಡು ತಿಂಗಳಿಂದ ಹೀಗಾಗಿದೆ ಅಂತ ಮುಚ್ಚಿಡದೆ ಹೇಳಿ. ಅವರು ಬೇರೆ ಏನಾದರೂ ಹೇಳುವವರೆಗೆ ಚೀಟಿಯಲ್ಲಿ ಇದ್ದ ಹಾಗೇ ನಡೆಯಲಿ. ಬಿಟ್ಟದ್ದನ್ನು ತುಂಬಿಸಲು ಒಟ್ಟಿಗೆ ಎರಡು ನುಂಗಿಸಬೇಡಿ.

ಅಪ್ಪನನ್ನು ಬೈಯಲೂ ಬೇಡಿ. ನಾನು 27 ವರ್ಷ ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಕೂತವಳು. ವಾರಕ್ಕೆ ಒಬ್ಬರಾದರೂ ಬಂದು ಚೀಟಿ ಮುಂದಿಟ್ಟು, ದನಿ ತಗ್ಗಿಸಿ, 'ಇದ್ರಲ್ಲಿ ಮುಖ್ಯವಾದ್ದು ಯಾವ್ದಮ್ಮಾ, ಅದಷ್ಟೇ ಕೊಡಿ' ಅನ್ನುತ್ತಿದ್ದರು. ಐದು ನಿಮಿಷದ ಹಿಂದೆ ಅವರು ಡಾಕ್ಟರ್ ಎದುರು ಕೂತು ಬಂದಿರುತ್ತಿದ್ದರು. ಅಲ್ಲಿ ಕೇಳಿರುತ್ತಿರಲಿಲ್ಲ. ಆ ಪ್ರಶ್ನೆಗೆ ನಾನು ಉತ್ತರ ಕೊಡುವ ಹಾಗಿರಲಿಲ್ಲ. ಕೊಡಬಲ್ಲವರು ಒಳಗಿದ್ದರು. ನಾಚಿಕೆ, ಹೆದರಿಕೆ, 'ಡಾಕ್ಟ್ರು ಏನಂದುಕೊಳ್ತಾರೋ' ಅನ್ನುವ ಸಂಕೋಚ. ಇದರಿಂದ ಆಗುವ ಇನ್ನೊಂದು ತೊಂದರೆ ತುಂಬ ಜನಕ್ಕೆ ಗೊತ್ತಿಲ್ಲ. ಮಾತ್ರೆ ಬಿಟ್ಟ ವಿಷಯ ಹೇಳದಿದ್ದರೆ, ಶುಗರ್ ಏರಿದ್ದು ನೋಡಿ ಡಾಕ್ಟರು ಈ ಔಷಧ ಸಾಲುತ್ತಿಲ್ಲ ಅಂದುಕೊಳ್ಳುತ್ತಾರೆ. ಡೋಸ್ ಹೆಚ್ಚಿಸುತ್ತಾರೆ, ಇಲ್ಲವೇ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಬಿಲ್ ಇನ್ನೂ ಬೆಳೆಯುತ್ತದೆ.

ಅದಕ್ಕೇ ನಾನು ಹೇಳುವ ದಾರಿ ಮೆಡಿಕಲ್ ಶಾಪ್‌ನಿಂದ ಶುರುವಾಗುವುದಿಲ್ಲ, ಡಾಕ್ಟರ ಮೇಜಿನಿಂದ ಶುರುವಾಗುತ್ತದೆ. ಇದಕ್ಕೆ ಕಾನೂನಿನ ಕಾರಣವೂ ಇದೆ. ಚೀಟಿಯಲ್ಲಿ ಒಂದು ಕಂಪನಿಯ ಹೆಸರು ಬರೆದಿದ್ದರೆ ಅಂಗಡಿಯವರು ತಾವಾಗಿಯೇ ಅದರ ಬದಲು ಇನ್ನೊಂದು ಕಂಪನಿಯದನ್ನು ಕೊಡುವಂತಿಲ್ಲ. ಷೆಡ್ಯೂಲ್ ಎಚ್ ಔಷಧಗಳಿಗೆ (ಡಾಕ್ಟರ ಚೀಟಿ ಇಲ್ಲದೆ ಮಾರಬಾರದವು), ಅಂದರೆ ನಿಮ್ಮ ಅಪ್ಪನ ಹೆಚ್ಚಿನ ಮಾತ್ರೆಗಳಿಗೆ, ಈ ನಿಯಮ ಇದೆ. ಒಳಗಿರುವ ಔಷಧ ಅದೇ ಆಗಿದ್ದರೂ ಸರಿ. ಡಾಕ್ಟರು ಔಷಧದ ಮೂಲ ಹೆಸರನ್ನು (ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಔಷಧದ ಹೆಸರು) ಬರೆದುಕೊಟ್ಟರೆ ಮಾತ್ರ ಯಾವ ಕಂಪನಿಯದು ಅನ್ನುವ ಆಯ್ಕೆ ನಿಮ್ಮ ಕೈಗೆ ಬರುತ್ತದೆ. ಎಲ್ಲ ಡಾಕ್ಟರೂ ಮೂಲ ಹೆಸರಿನಲ್ಲೇ ಬರೆಯಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದಿತ್ತು. ಅದೇ ತಿಂಗಳು ಅದನ್ನು ತಡೆಹಿಡಿಯಿತು. ಹಾಗಾಗಿ ನೀವೇ ಬಾಯಿಬಿಟ್ಟು ಕೇಳಬೇಕು.

ಹೇಗೆ ಕೇಳುವುದು? ಸುತ್ತಿ ಬಳಸಿ ಬೇಡ. 'ಸರ್, ಮಾತ್ರೆ ಬಿಲ್ ತಿಂಗಳಿಗೆ ಏಳು ಸಾವಿರ ಆಗ್ತಿದೆ, ನನ್ನ ಸಂಬಳ ಹತ್ತೊಂಬತ್ತು. ದುಡ್ಡಿಲ್ಲದೆ ಅಪ್ಪ ಮಾತ್ರೆ ಬಿಡ್ತಿದಾರೆ. ಇದರಲ್ಲಿ ಯಾವುದು ಬೇಡ, ಯಾವುದರ ಬದಲು ಕಡಿಮೆ ಬೆಲೆಯದ್ದು ಬರೀಬಹುದು, ನೋಡಿ ಹೇಳಿ.' ಇಷ್ಟು ಸಾಕು. ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ತಾವು ಬರೆದ ಮಾತ್ರೆ ಅಂಗಡಿಯಲ್ಲಿ ಎಷ್ಟಾಗುತ್ತದೆ ಅಂತ ಎಷ್ಟೋ ಡಾಕ್ಟರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಬಿಲ್ ನೋಡಿ ತಾವೇ ಪೆನ್ನು ಹಿಡಿದು ಎರಡು ಸಾಲು ಹೊಡೆದುಹಾಕಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಈಗ ನಿಮ್ಮ ಬಿಲ್. ಒಟ್ಟು 7,100 ರೂಪಾಯಿಯಲ್ಲಿ 5,800 ಹೋಗಿರುವುದು ನಾಲ್ಕೇ ಬಾಬತ್ತಿಗೆ. ಟಿಕಾಗ್ರೆಲೋರ್, ಎಂಪಾಗ್ಲಿಫ್ಲೋಜಿನ್, ಸಿಟಾಗ್ಲಿಪ್ಟಿನ್ ಜೊತೆ ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ಆಮೇಲೆ ಪ್ರೋಟೀನ್ ಪುಡಿ ಮತ್ತು 'ನರದ ಮಾತ್ರೆ'. ಆಸ್ಪಿರಿನ್, ಕೊಬ್ಬಿನ ಮಾತ್ರೆ, ಬಿಪಿ ಮಾತ್ರೆ, ಗ್ಯಾಸ್ ಮಾತ್ರೆ, ಅಮ್ಮನ ಥೈರಾಯ್ಡ್ ಎಲ್ಲ ಸೇರಿ ಉಳಿದ 1,300. ಆ ನಾಲ್ಕನ್ನು ಒಂದೊಂದಾಗಿ ನೋಡೋಣ.

ಟಿಕಾಗ್ರೆಲೋರ್ ಬಗ್ಗೆ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಬೆಲೆಯದ್ದಲ್ಲ. 'ಇದು ಇನ್ನೂ ಎಷ್ಟು ದಿನ ಬೇಕು?' ಅಂತ ಕೇಳಿ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಜೊತೆ ಇಂಥ ಎರಡನೇ ಮಾತ್ರೆಯನ್ನು ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ಆಮೇಲೆ ರೋಗಿಯ ಸ್ಥಿತಿ ನೋಡಿ ಕೆಲವರಿಗೆ ನಿಲ್ಲಿಸುತ್ತಾರೆ, ಕೆಲವರಿಗೆ ಡೋಸ್ ಇಳಿಸುತ್ತಾರೆ, ಕೆಲವರಿಗೆ ಇದೇ ಕೆಲಸ ಮಾಡುವ ಕ್ಲೋಪಿಡೋಗ್ರೆಲ್‌ಗೆ ಬದಲಿಸುತ್ತಾರೆ. ನಿಮ್ಮ ಅಪ್ಪನಿಗೆ ಆಗಲೇ 18 ತಿಂಗಳು ಆಗಿದೆ. ಚೀಟಿ ನೋಡಿದರೆ, ಸ್ಟೆಂಟ್ ಹಾಕಿದ ಆಸ್ಪತ್ರೆಗೆ ಆರನೇ ತಿಂಗಳ ನಂತರ ಹೋದ ಹಾಗೆ ಕಾಣುವುದಿಲ್ಲ. ಹಳೇ ಚೀಟಿಯನ್ನೇ ಅಂಗಡಿಗೆ ತೋರಿಸಿ ತರುತ್ತಿದ್ದೀರಿ ಅಲ್ವಾ? ಬಸ್ ಚಾರ್ಜು, ಫೀಸು ಉಳಿಯಲಿ ಅಂತ ಬಹಳ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಆದರೆ ಬೇಡದ ಮಾತ್ರೆ ಆರು ತಿಂಗಳು ಜಾಸ್ತಿ ಕೊಂಡರೆ ಆ ಫೀಸಿನ ಹತ್ತು ಪಾಲು ಹೋಗಿರುತ್ತದೆ. ಹಾಗಂತ ಇದನ್ನು ಓದಿ ನೀವೇ ನಿಲ್ಲಿಸಬೇಡಿ, ದಯವಿಟ್ಟು. ಕೆಲವರ ರಕ್ತನಾಳದ ಸ್ಥಿತಿಗೆ ಅದು ಮುಂದೂ ಬೇಕಾಗುತ್ತದೆ. ಅದನ್ನು ಹೇಳಬಲ್ಲವರು ಹೃದಯದ ಡಾಕ್ಟರ್ ಮಾತ್ರ.

ಎಂಪಾಗ್ಲಿಫ್ಲೋಜಿನ್ ವಿಷಯ ಬೇರೆ. ಇದು ಶುಗರಿಗೂ ಹೃದಯಕ್ಕೂ ಒಳ್ಳೆಯದು ಮಾಡುವ ಮಾತ್ರೆ. ನಿಮ್ಮ ಅಪ್ಪನಂಥವರಿಗೆ ಯೋಚಿಸಿಯೇ ಬರೆದಿರುತ್ತಾರೆ. ನಿಮಗೆ ಇದನ್ನು ಬರೆದುಕೊಟ್ಟಾಗ ಮಾರುಕಟ್ಟೆಯಲ್ಲಿ ಇದ್ದದ್ದು ಪೇಟೆಂಟ್, ಅಂದರೆ ತಾನೊಬ್ಬನೇ ತಯಾರಿಸುವ ಹಕ್ಕು, ಇದ್ದ ಕಂಪನಿಯ ಮಾತ್ರೆ. ಒಂದಕ್ಕೆ ಸುಮಾರು 60 ರೂಪಾಯಿ. 2025ರ ಮಾರ್ಚ್‌ನಲ್ಲಿ ಆ ಪೇಟೆಂಟ್ ಮುಗಿಯಿತು. ಆ ತಿಂಗಳೇ ಹತ್ತಾರು ಕಂಪನಿಗಳು ಅದೇ ಔಷಧವನ್ನು ತಂದವು. ಬೆಲೆ ಮಾತ್ರೆಗೆ 15 ರೂಪಾಯಿಯಿಂದ ಹಿಡಿದು ಐದೂವರೆ ರೂಪಾಯಿವರೆಗೂ ಇಳಿಯಿತು. ನಿಮ್ಮ ಚೀಟಿ ಹಳೆಯದು, ಅಂಗಡಿಯವರು ಅದರಲ್ಲಿ ಬರೆದದ್ದನ್ನೇ ಕೊಡುತ್ತಿದ್ದಾರೆ. ಅವರ ತಪ್ಪೂ ಇಲ್ಲ. ಮೂಲ ಹೆಸರಿನಲ್ಲಿ ಹೊಸ ಚೀಟಿ ಬರೆಸಿಕೊಂಡರೆ ತಿಂಗಳಿಗೆ 1,800 ಆಗುತ್ತಿದ್ದುದು 450ರ ಒಳಗೆ ಬರುತ್ತದೆ. ಇದೊಂದರಲ್ಲೇ ವರ್ಷಕ್ಕೆ ಹದಿನಾರು ಸಾವಿರ ಉಳಿಯಿತು.

ಸಿಟಾಗ್ಲಿಪ್ಟಿನ್ ಕೂಡ ಶುಗರಿನ ಮಾತ್ರೆ. ಅದರ ಪೇಟೆಂಟ್ ಇನ್ನೂ ಮೊದಲು, 2022ರಲ್ಲೇ ಮುಗಿದಿದೆ. ಆ ವರ್ಷವೇ ಜನೌಷಧಿ ಕೇಂದ್ರಗಳಲ್ಲಿ ಸಿಟಾಗ್ಲಿಪ್ಟಿನ್ 50 ಮಿಲಿಗ್ರಾಂನ ಹತ್ತು ಮಾತ್ರೆಯನ್ನು 60 ರೂಪಾಯಿಗೆ ತಂದರು. ಮೆಟ್‌ಫಾರ್ಮಿನ್ ಜೊತೆ ಸೇರಿದ್ದೂ ಅಲ್ಲಿ ಸಿಗುತ್ತದೆ. ಒಂದು ಎಚ್ಚರಿಕೆ. ಮೆಟ್‌ಫಾರ್ಮಿನ್‌ನಲ್ಲಿ 500, 1000 ಅಂತ ಬೇರೆ ಬೇರೆ ಪ್ರಮಾಣ ಇರುತ್ತದೆ. ನಿಧಾನವಾಗಿ ಕರಗುವ ಎಸ್‌ಆರ್ ಬೇರೆ, ಸಾಮಾನ್ಯ ಮಾತ್ರೆ ಬೇರೆ. ಹೊಸ ಚೀಟಿಯಲ್ಲಿ ಇದನ್ನೆಲ್ಲ ಬಿಡಿಸಿ ಬರೆಯಲು ಹೇಳಿ.

ಪ್ರೋಟೀನ್ ಪುಡಿ, ನರದ ಮಾತ್ರೆ ಸೇರಿ ನಿಮ್ಮ ಬಿಲ್‌ನಲ್ಲಿ 950 ರೂಪಾಯಿ ಇದೆ. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಜೀವ ಉಳಿಸುವ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವ ಮನುಷ್ಯ ಈ ಪುಡಿಯನ್ನು ದಿನಾ ತಪ್ಪದೆ ಹಾಲಿಗೆ ಹಾಕಿ ಕುಡಿಯುತ್ತಿರುತ್ತಾರೆ, ಶಕ್ತಿ ಬರುತ್ತದೆ ಅಂತ. ಆಸ್ಪತ್ರೆಯಿಂದ ಮನೆಗೆ ಬರುವಾಗ ಸುಸ್ತಿಗೆ ಬರೆದದ್ದು ಹಾಗೇ ಮುಂದುವರಿದಿರುತ್ತದೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಕಡಿಮೆಯಾಗುವುದು ನಿಜ. ಆಗ ಬಿ12 ಬೇಕು. ಆದರೆ ಹತ್ತು ವಿಟಮಿನ್ ಸೇರಿಸಿದ ದುಬಾರಿ ಕ್ಯಾಪ್ಸೂಲೇ ಬೇಕಾ, ಡಾಕ್ಟರನ್ನು ಕೇಳಿ. ಪುಡಿಯ ಬದಲು ಮನೆಯ ಮೊಳಕೆ ಹೆಸರುಕಾಳು, ಮೊಟ್ಟೆಯ ಬಿಳಿ ಆಗುತ್ತದಾ ಅಂತಲೂ ಕೇಳಿ. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಬಹುಪಾಲು ಆಗುತ್ತದೆ ಅನ್ನುತ್ತಾರೆ.

ಇನ್ನು ನಿಮ್ಮ ಪಕ್ಕದ ಮನೆಯವರ ಮಾತು. 'ಜನರಿಕ್‌ನಲ್ಲಿ ಪವರ್ ಇರಲ್ಲ.' ಕೌಂಟರಿನಲ್ಲಿ ಇದಕ್ಕಿಂತ ಹೆಚ್ಚು ಕೇಳಿದ ಮಾತು ಇನ್ನೊಂದಿಲ್ಲ. ಜನರಿಕ್ ಅಂದರೆ ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧ. ಜನೌಷಧಿಯಲ್ಲಿ ಸಿಗುವುದು ಇದೇ. ನಮ್ಮ ದೇಶದಲ್ಲಿ ಹೆಸರುವಾಸಿ ಬ್ರ್ಯಾಂಡ್ ಅಂತ ನಾವು ಕೊಳ್ಳುವ ಮಾತ್ರೆಗಳಲ್ಲಿ ಬಹುಪಾಲು ಜನರಿಕ್ಕೇ. ಔಷಧವನ್ನು ಮೊದಲು ಕಂಡುಹಿಡಿದವರು ಯಾರೋ, ಪೇಟೆಂಟ್ ಮುಗಿದ ಮೇಲೆ ಅದನ್ನು ತಮ್ಮ ಹೆಸರಿಟ್ಟು ಮಾರುವವರು ಇನ್ಯಾರೋ. ಒಂದೇ ಕಾರ್ಖಾನೆಯಿಂದ ಎರಡು ಮೂರು ಹೆಸರಿನಲ್ಲಿ ಒಂದೇ ಮಾತ್ರೆ ಹೊರಬರುವುದೂ ಇದೆ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ತಯಾರಿಸಿದವರು ಯಾರು, ಮಾರುವವರು ಯಾರು ಅಂತ ಬೇರೆ ಬೇರೆಯಾಗಿ ಬರೆದಿರುತ್ತದೆ. ಒಂದು ಸಲ ಓದಿ ನೋಡಿ. ಹೆಸರಿನ ಪ್ರಚಾರಕ್ಕೆ, ಕಂಪನಿಯ ಪ್ರತಿನಿಧಿಗಳ ಓಡಾಟಕ್ಕೆ, ನಡುವಿನವರ ಲಾಭಕ್ಕೆ ಆದ ಖರ್ಚೆಲ್ಲ ಎಂಆರ್‌ಪಿಯೊಳಗೆ ಕೂತಿರುತ್ತದೆ.

ಜನೌಷಧಿ ಯೋಜನೆ 2008ರಲ್ಲಿ ಅಮೃತಸರದ ಒಂದು ಅಂಗಡಿಯಿಂದ ಶುರುವಾದದ್ದು. ಈಗ ದೇಶದಲ್ಲಿ 15,000ಕ್ಕೂ ಜಾಸ್ತಿ ಕೇಂದ್ರಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ತಯಾರಿಕಾ ಮಾನದಂಡದ ಪ್ರಮಾಣಪತ್ರ ಇರುವ ಕಾರ್ಖಾನೆಗಳಿಂದಲೇ ಅವರು ಕೊಳ್ಳುತ್ತಾರೆ. ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಕೇಂದ್ರಗಳಿಗೆ ಕಳಿಸುತ್ತಾರೆ. ಸುಲಭವಾಗಿ ಕರಗದ ಔಷಧಗಳನ್ನು ಹೊಸದಾಗಿ ತಯಾರಿಸಲು ಅನುಮತಿ ಬೇಕಾದರೆ, ಅವು ಮೂಲ ಔಷಧದಷ್ಟೇ ರಕ್ತಕ್ಕೆ ಸೇರುತ್ತವೆ ಅಂತ ತೋರಿಸಬೇಕು ಅನ್ನುವ ನಿಯಮ 2017ರಿಂದ ಇದೆ. ಹಾಗಾದರೆ ಗುಣಮಟ್ಟದ ದೂರು ಬರುವುದೇ ಇಲ್ವಾ? ಬರುತ್ತದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಪರೀಕ್ಷೆಯಲ್ಲಿ ಫೇಲಾದ ಬ್ಯಾಚುಗಳ ಪಟ್ಟಿ ಹಾಕುತ್ತದೆ. ಅದರಲ್ಲಿ ಅಗ್ಗದವೂ ಇರುತ್ತವೆ, ದೊಡ್ಡ ಹೆಸರಿನವೂ ಇರುತ್ತವೆ. ಬೆಲೆ ಜಾಸ್ತಿ ಕೊಟ್ಟ ಮಾತ್ರಕ್ಕೆ ಆ ಪಟ್ಟಿಯಿಂದ ತಪ್ಪಿಸಿಕೊಂಡ ಹಾಗೆ ಆಗುವುದಿಲ್ಲ. ಬದಲಿಸಿದ ಮೇಲೆ ಎರಡು ಮೂರು ವಾರ ಬಿಪಿ, ಶುಗರ್ ಬರೆದಿಡಿ. ಮಾತ್ರೆ ಕೆಲಸ ಮಾಡುತ್ತಿದೆಯಾ ಇಲ್ವಾ ಅಂತ ಆ ಅಂಕಿಗಳೇ ತೋರಿಸುತ್ತವೆ.

ಆದರೆ ಅಮ್ಮನ ಥೈರಾಯ್ಡ್ ಮಾತ್ರೆಯನ್ನು ಮುಟ್ಟಬೇಡಿ. ಅದು ಹೇಗೂ ಅಗ್ಗ. ಅದಕ್ಕಿಂತ ಮುಖ್ಯ ಕಾರಣ, ಥೈರಾಯ್ಡಿನ ಲಿವೋಥೈರಾಕ್ಸಿನ್‌ನಂಥ ಕೆಲವು ಔಷಧಗಳಲ್ಲಿ ಪ್ರಮಾಣ ಚೂರು ಆಚೀಚೆ ಆದರೂ ವ್ಯತ್ಯಾಸ ಗೊತ್ತಾಗುತ್ತದೆ. ಒಂದೇ ಕಂಪನಿಯದಕ್ಕೆ ಅಂಟಿಕೊಳ್ಳುವುದು ಒಳ್ಳೆಯದು. ಬದಲಿಸಲೇಬೇಕಾಗಿ ಬಂದರೆ ಆರರಿಂದ ಎಂಟು ವಾರದ ನಂತರ ಥೈರಾಯ್ಡ್ ಮಟ್ಟ ತೋರಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಮೂರ್ಛೆರೋಗದ ಫೆನಿಟಾಯಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಮನಸ್ಸಿನ ಕಾಯಿಲೆಯ ಲಿಥಿಯಂ, ಕಿಡ್ನಿ ಕಸಿ ಆದವರ ಟ್ಯಾಕ್ರೊಲಿಮಸ್ ಕೂಡ ಇದೇ ಸಾಲಿನವು. ಇವನ್ನು ತಗೊಳ್ಳುವವರು ಇದನ್ನು ಓದುತ್ತಿದ್ದರೆ, ಡಾಕ್ಟರಿಗೆ ಹೇಳದೆ ಕಂಪನಿ ಬದಲಿಸಬೇಡಿ.

ಜನೌಷಧಿಗೆ ಬದಲಿಸುವಾಗ ಮನೆಯಲ್ಲಿ ಆಗುವ ಒಂದು ಅವಾಂತರ ಹೇಳುತ್ತೇನೆ. ನನ್ನ ಕೌಂಟರಿಗೆ ಒಬ್ಬ ಅಜ್ಜಿಯನ್ನು ತಲೆಸುತ್ತು ಅಂತ ಕರೆತಂದಿದ್ದರು. ಚೀಲ ತೆರೆದು ನೋಡಿದರೆ ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ ಹಳೇ ಬ್ರ್ಯಾಂಡಿನದು ಒಂದು, ಜನೌಷಧಿಯ ಟೆಲ್ಮಿಸಾರ್ಟನ್ ಒಂದು. ಹೆಸರು ಬೇರೆ, ಬಣ್ಣ ಬೇರೆ. ಎರಡೂ ಬೇರೆ ಬೇರೆ ಮಾತ್ರೆ ಅಂದುಕೊಂಡು ಹದಿನೈದು ದಿನದಿಂದ ಎರಡನ್ನೂ ನುಂಗುತ್ತಿದ್ದರು. ಬಿಪಿ ಪಾತಾಳಕ್ಕೆ ಇಳಿದಿತ್ತು. ಜನೌಷಧಿ ಸ್ಟ್ರಿಪ್ಪುಗಳೆಲ್ಲ ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವುದು ಇನ್ನೊಂದು ಕಷ್ಟ. ಹೊಸದು ತಂದ ದಿನವೇ ಹಳೆಯದನ್ನು ಬೇರೆ ಎತ್ತಿಡಿ. ಮಾರ್ಕರ್ ಪೆನ್ನಿನಲ್ಲಿ ಸ್ಟ್ರಿಪ್ ಮೇಲೆ ದೊಡ್ಡದಾಗಿ 'ಬೆಳಿಗ್ಗೆ ಶುಗರ್', 'ರಾತ್ರಿ ಕೊಬ್ಬು' ಅಂತ ಕನ್ನಡದಲ್ಲಿ ಬರೆಯಿರಿ. ಕೇಂದ್ರದಲ್ಲಿ ಸ್ಟಾಕ್ ಇಲ್ಲ ಅನ್ನುವುದೂ ಇದೆ. ಜನೌಷಧಿ ಸುಗಮ್ ಅನ್ನುವ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಎಲ್ಲಿದೆ, ಯಾವ ಔಷಧಕ್ಕೆ ಎಷ್ಟು ಬೆಲೆ ಅಂತ ಸಿಗುತ್ತದೆ. ಮಾತ್ರೆ ಮುಗಿಯಲು ಹತ್ತು ದಿನ ಇರುವಾಗಲೇ ಹೋಗಿ ಚೀಟಿ ತೋರಿಸಿ. ಇಲ್ಲದ್ದನ್ನು ತರಿಸಿಕೊಡುತ್ತಾರೆ. ಖಾಲಿಯಾದ ದಿನ ಹೋದರೆ ಮತ್ತೆ ದುಬಾರಿ ಅಂಗಡಿಯೇ ಗತಿ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತ ಜಾಗಕ್ಕೆ ಬರುತ್ತೇನೆ. ಸಂಬಳ 19,000, ಕಾರ್ಖಾನೆ ಕೆಲಸ. ಹಾಗಿದ್ದರೆ ನಿಮ್ಮ ಸಂಬಳದ ಚೀಟಿ ತೆಗೆದು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅನ್ನುವ ಸಾಲು ನೋಡಿ. 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯ. ನಿಮ್ಮಿಂದ ನೂರಕ್ಕೆ 75 ಪೈಸೆ ಹಿಡಿಯುತ್ತಾರೆ, ಅಂದರೆ ತಿಂಗಳಿಗೆ ಸುಮಾರು 143 ರೂಪಾಯಿ. ಮಾಲೀಕರು ತಮ್ಮ ಪಾಲು ಮೂರೂಕಾಲು ಶೇಕಡಾ ಹಾಕುತ್ತಾರೆ. ಇದು ನಿಮಗೆ ಮಾತ್ರ ಅಂದುಕೊಂಡಿರುವವರು ಜಾಸ್ತಿ. ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮನಿಗೂ ಇದರಲ್ಲಿ ಚಿಕಿತ್ಸೆ ಸಿಗುತ್ತದೆ, ಅವರ ಸ್ವಂತ ಆದಾಯ ತಿಂಗಳಿಗೆ 9,000 ರೂಪಾಯಿ ದಾಟಬಾರದು ಅಷ್ಟೇ. ಚಿಕಿತ್ಸೆ ಅಂದರೆ ಡಿಸ್ಪೆನ್ಸರಿಯಲ್ಲಿ ಡಾಕ್ಟರು ನೋಡುವುದು, ಮಾತ್ರೆ ಕೊಡುವುದು ಎರಡೂ ಸೇರಿ. ಕೈಯಿಂದ ದುಡ್ಡಿಲ್ಲ.

ಕಾರ್ಖಾನೆಯ ಎಚ್‌ಆರ್ ಹತ್ತಿರ ಹೋಗಿ ನಿಮ್ಮ ಇಎಸ್‌ಐ ಖಾತೆಯಲ್ಲಿ ಕುಟುಂಬದ ಪಟ್ಟಿ ತೆಗೆಸಿ ನೋಡಿ. ಅಪ್ಪ ಅಮ್ಮನ ಹೆಸರು ಇಲ್ಲದಿದ್ದರೆ ಆಧಾರ್, ಫೋಟೋ ಕೊಟ್ಟು ಸೇರಿಸಿ. ಮನೆಗೆ ಹತ್ತಿರದ ಡಿಸ್ಪೆನ್ಸರಿ ಹಾಕಿಸಿ. ಇಎಸ್‌ಐ ಗುರುತಿನ ಚೀಟಿಯಾದ ಪೆಹಚಾನ್ ಕಾರ್ಡಿನ ಪ್ರಿಂಟ್ ತಗೊಳ್ಳಿ. ಮೊದಲ ಸಲ ಹೋಗುವಾಗ ಸ್ಟೆಂಟಿನ ಡಿಸ್ಚಾರ್ಜ್ ಸಮ್ಮರಿ ಮತ್ತು ಈಗಿನ ಚೀಟಿ ಮರೆಯಬೇಡಿ. ಸಾಲು ಉದ್ದ ಇರುತ್ತದೆ, ಒಂದು ದಿನದ ರಜೆ ಬೇಕಾಗಬಹುದು. ಎಲ್ಲ ಮಾತ್ರೆಯೂ ಅಲ್ಲಿ ಇರಲಿಕ್ಕಿಲ್ಲ. ಆದರೂ ಬಿಪಿ, ಕೊಬ್ಬು, ಆಸ್ಪಿರಿನ್ ಅಷ್ಟು ಸಿಕ್ಕಿದರೂ ಒಂದು ಹೊರೆ ಇಳಿಯಿತು. ದೊಡ್ಡ ಕಾಯಿಲೆಗೆ ಅಲ್ಲಿಂದ ಬೆಂಗಳೂರಿನ ಇಎಸ್‌ಐ ಆಸ್ಪತ್ರೆಗೋ, ಒಪ್ಪಂದ ಇರುವ ಆಸ್ಪತ್ರೆಗೋ ಕಳಿಸುತ್ತಾರೆ. ವರ್ಷಗಟ್ಟಲೆ ದುಡ್ಡು ಕಟ್ಟಿಸಿಕೊಂಡು ಒಂದು ಸಲವೂ ಡಿಸ್ಪೆನ್ಸರಿ ಮುಖ ನೋಡದ ಕಾರ್ಮಿಕರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಅದು ನಿಮ್ಮದೇ ದುಡ್ಡು.

ಇಎಸ್‌ಐ ಇಲ್ಲದ ಓದುಗರಿಗೆ ಒಂದು ಮಾತು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿಗೆ ಪೂರ್ತಿ ಚಿಕಿತ್ಸೆ ಸರ್ಕಾರದ್ದೇ. ಇವಕ್ಕೆ ಯಾರೂ ಕೈಯಿಂದ ದುಡ್ಡು ಹಾಕಬೇಕಿಲ್ಲ. ದೇವರು ದೊಡ್ಡವನು, ಬಾರದಿರಲಿ, ಆದರೆ ನಿಮ್ಮ ಅಪ್ಪನಿಗೆ ಮತ್ತೆ ಎದೆನೋವು ಬಂದರೆ ಬೆಂಗಳೂರಿನ ದಾರಿ ಹಿಡಿಯುವ ಮೊದಲು ಹತ್ತಿರದ ಸರ್ಕಾರಿ ತಾಲ್ಲೂಕು ಆಸ್ಪತ್ರೆಯನ್ನು ನೆನಪಿಟ್ಟುಕೊಳ್ಳಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಹೊರಗೆ ಹತ್ತಾರು ಸಾವಿರ ಬೆಲೆಯ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೇಕಾದವರಿಗೆ ಅಲ್ಲಿ ಪುಕ್ಕಟೆ ಕೊಡುತ್ತಾರೆ.

ಚಿಕ್ಕಮ್ಮನ ವಿಷಯದಲ್ಲಿ ಒಂದೇ ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೊದಲ ಇಂಜೆಕ್ಷನ್‌ಗೆ ಸಾಲ ಮಾಡುವ ಮುಂಚೆ ಯೋಜನೆಯ ಬಾಗಿಲು ತಟ್ಟಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30, ಒಂದೂವರೆ ಲಕ್ಷದವರೆಗೆ. ಕ್ಯಾನ್ಸರ್ ಚಿಕಿತ್ಸೆ ಇದರಲ್ಲಿ ಬರುತ್ತದೆ. ಆದರೆ ನೀವು ಆಗಲೇ ಕಟ್ಟಿದ ದುಡ್ಡು ಇದರಲ್ಲಿ ವಾಪಸ್ ಬರುವುದಿಲ್ಲ, ಚಿಕಿತ್ಸೆಗೆ ಮೊದಲೇ ಒಪ್ಪಿಗೆ ಆಗಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಿಪಿಎಲ್ ಕಾರ್ಡ್, ಆಧಾರ್, ಬಯಾಪ್ಸಿ ವರದಿ, ಎಚ್‌ಇಆರ್2 ವರದಿ (ಈ ಇಂಜೆಕ್ಷನ್ ಅವರ ಕ್ಯಾನ್ಸರಿಗೆ ಹೊಂದುತ್ತದಾ ಅಂತ ತೋರಿಸುವ ಪರೀಕ್ಷೆಯದು) ತಗೊಂಡು ಹೋಗಿ. ಅಲ್ಲಿರುವ ಯೋಜನೆಯ ಸಹಾಯಕರು, ಅಂದರೆ ಆರೋಗ್ಯ ಮಿತ್ರರನ್ನು ಕಂಡು, ಟ್ರಾಸ್ಟುಜುಮ್ಯಾಬ್ ಎಷ್ಟು ಡೋಸ್‌ವರೆಗೆ ಯೋಜನೆಯಲ್ಲಿ ಸಿಗುತ್ತದೆ ಅಂತ ನೇರವಾಗಿ ಕೇಳಿ. ಮೂರು ವಾರಕ್ಕೊಮ್ಮೆ ಅಂತ ವರ್ಷಕ್ಕೆ 17 ಅಥವಾ 18 ಡೋಸ್ ಆಗುತ್ತದೆ. ಕಿದ್ವಾಯಿಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲಿ ಬಡ ರೋಗಿಗಳಿಗೆ ಕೇಂದ್ರ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿಯೂ ಇದೆ. ಸಾಲದೆ ಬಂದರೆ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರ ಇಟ್ಟು ಅರ್ಜಿ ಹಾಕಬಹುದು. ನಿಮ್ಮ ಶಾಸಕರ ಕಚೇರಿಯಲ್ಲಿ ಇದಕ್ಕೆ ಸಹಾಯ ಮಾಡುತ್ತಾರೆ.

ಇಂಜೆಕ್ಷನ್ ಕಂಪನಿ ಬಗ್ಗೆ ಗೊಂದಲ ಬೇಡ. ಟ್ರಾಸ್ಟುಜುಮ್ಯಾಬ್‌ಗೆ ಈಗ ನಮ್ಮ ದೇಶದ ಕಂಪನಿಗಳು ತಯಾರಿಸುವ, ಮೂಲ ಇಂಜೆಕ್ಷನ್ನಿನಂತೆಯೇ ಕೆಲಸ ಮಾಡುವ ಬಯೋಸಿಮಿಲರ್‌ಗಳು ಇವೆ. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಮೊದಲನೆಯದನ್ನು ತಂದಾಗ 440 ಮಿಲಿಗ್ರಾಂ ಬಾಟಲಿಗೆ 57,500 ರೂಪಾಯಿ ಇಟ್ಟಿತ್ತು. ಆಗ ಅದೇ ಅಗ್ಗ. ಆಮೇಲೆ ಬೇರೆ ಕಂಪನಿಗಳೂ ಬಂದವು, ಪೈಪೋಟಿಯಲ್ಲಿ ಬೆಲೆ ತುಂಬ ಇಳಿದಿದೆ. ಕ್ಯಾನ್ಸರ್ ಔಷಧಗಳಲ್ಲಿ ಪೆಟ್ಟಿಗೆ ಮೇಲಿನ ಎಂಆರ್‌ಪಿಗೂ ನಿಜವಾಗಿ ಸಿಗುವ ಬೆಲೆಗೂ ಬಹಳ ಅಂತರ ಇರುತ್ತದೆ. ಖಾಸಗಿ ಆಸ್ಪತ್ರೆಯಲ್ಲೇ ಮಾಡಿಸುವುದಾದರೆ, ಹೊರಗಿನಿಂದ ತಂದರೆ ಒಪ್ಪುತ್ತೀರಾ ಅಂತ ಕೇಳಿ. ಎರಡು ಮೂರು ಕಡೆ ದರ ವಿಚಾರಿಸಿ. ಕೇಂದ್ರ ಸರ್ಕಾರದ ಅಮೃತ್ ಔಷಧಾಲಯಗಳಲ್ಲಿ ಕ್ಯಾನ್ಸರ್ ಮತ್ತು ಹೃದಯದ ಔಷಧಗಳಿಗೆ ದೊಡ್ಡ ರಿಯಾಯಿತಿ ಇರುತ್ತದೆ. ಆದರೆ ಈ ಇಂಜೆಕ್ಷನ್ ತಣ್ಣಗೇ ಇರಬೇಕು, ಐಸ್ ಪೆಟ್ಟಿಗೆಯಲ್ಲೇ ತರಬೇಕು. ಬಿಸಿಲಿನಲ್ಲಿ ಬಸ್ಸಿನಲ್ಲಿ ತಂದು ಹಾಳು ಮಾಡಿಕೊಂಡವರಿದ್ದಾರೆ.

ಕೊಳ್ಳುವಾಗಿನ ಸಣ್ಣ ವಿಷಯಗಳು ಕೆಲವು. ಆನ್‌ಲೈನ್‌ನಲ್ಲಿ 'ಶೇಕಡಾ 25 ರಿಯಾಯಿತಿ' ಅಂತ ಕಂಡರೆ ಯಾವುದರ ಮೇಲೆ ಅಂತ ನೋಡಿ. 60 ರೂಪಾಯಿ ಮಾತ್ರೆಗೆ ಶೇಕಡಾ 25 ಬಿಟ್ಟರೂ 45 ರೂಪಾಯಿ. ಪಕ್ಕದಲ್ಲೇ 10 ರೂಪಾಯಿಯದು ಇರುತ್ತದೆ. ಯಾವಾಗಲೂ ಒಂದು ಮಾತ್ರೆಗೆ ಎಷ್ಟು ಅಂತ ಲೆಕ್ಕ ಹಾಕಿ. ಔಷಧ ಬೆಲೆ ಪ್ರಾಧಿಕಾರದ ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಬ್ರ್ಯಾಂಡ್ ಹೆಸರು ಹಾಕಿದರೆ ಅದೇ ಔಷಧದ ಬೇರೆ ಕಂಪನಿಗಳ ಬೆಲೆಯೂ ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಬಿಲ್‌ನಲ್ಲಿ ಅದು ಸರಿಯಾಗಿದೆಯಾ ನೋಡಿಕೊಳ್ಳಿ. ಬಿಲ್ ಇಲ್ಲದೆ ಅರ್ಧ ಬೆಲೆಗೆ ಕೊಡುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ, ನಕಲಿ ಮಾಲು ಬರುವುದೇ ಆ ದಾರಿಯಲ್ಲಿ. ಖಾಸಗಿ ಆರೋಗ್ಯ ವಿಮೆ ಇರುವವರು ಆಸ್ಪತ್ರೆಯಿಂದ ಬಂದ ಮೇಲಿನ ಮಾತ್ರೆ ಬಿಲ್ಲುಗಳನ್ನೂ ಎತ್ತಿಡಿ. ಬಹಳ ಪಾಲಿಸಿಗಳು ಡಿಸ್ಚಾರ್ಜ್ ಆದ ಮೇಲೆ 60 ದಿನದವರೆಗಿನ ಔಷಧ ಖರ್ಚನ್ನು ಕೊಡುತ್ತವೆ. ಕೇಳುವವರು ಕಡಿಮೆ.

ನಿಮ್ಮ ಲೆಕ್ಕ ಒಮ್ಮೆ ಹಾಕಿ ನೋಡಿದೆ. ಡಾಕ್ಟರು ಒಪ್ಪಿ ಶುಗರಿನ ಎರಡು ಮಾತ್ರೆ ಬದಲಾದರೆ, ಪುಡಿ ನಿಂತರೆ, ಇಎಸ್‌ಐನಿಂದ ಸಾಮಾನ್ಯ ಮಾತ್ರೆಗಳು ಬಂದರೆ, ಟಿಕಾಗ್ರೆಲೋರ್ ಮುಂದುವರಿದರೂ ಬಿಲ್ ಮೂರು ಸಾವಿರದ ಸುತ್ತ ನಿಲ್ಲುತ್ತದೆ. ಅದೂ ನಿಂತರೆ ಇನ್ನೂ ಕಡಿಮೆ.

ಇವತ್ತು ರಾತ್ರಿ ಊಟ ಆದ ಮೇಲೆ ಅಪ್ಪನ ಜೊತೆ ಕೂತು ಡಬ್ಬಿಯಲ್ಲಿ ಟಿಕಾಗ್ರೆಲೋರ್ ಎಷ್ಟು ಉಳಿದಿದೆ ಎಣಿಸಿ. ಡಾಕ್ಟರನ್ನು ನೋಡುವ ದಿನದವರೆಗೆ ದಿನಕ್ಕೆ ಎರಡರಂತೆ ಸಾಲದಿದ್ದರೆ, ಕಡಿಮೆ ಬಿದ್ದಷ್ಟನ್ನೇ ಬಿಡಿಯಾಗಿ ಕೇಳಿ ತನ್ನಿ. ಪೂರ್ತಿ ತಿಂಗಳಿನದು ಈಗಲೇ ಬೇಡ.